ಒಂಟಿಗಾಲಿಗೆ ಶಾಲೆಯ ಅಂಗಳ ಬೇಕು

ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ಐವತ್ತು ದಾಟಿದವರನ್ನು ಮಾತಿಗೆಳೆದರೆ ಸೈಕಲ್ ಸರ್ಕಸ್ಸಿನ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಸುಗ್ಗಿ ಮುಗಿದು ಹೊಲದ ಕೆಲಸ ಸಡಿಲಾದ ಹೊತ್ತಿಗೆ ನಾಲ್ಕೈದು ಮಂದಿಯ ತಂಡವೊಂದು ಊರಿಗೆ ಬರುತ್ತಿತ್ತು. ಗುಡಿಯ ಮುಂದಿನ ಬಯಲಿನಲ್ಲಿ ಗೂಟ ಬಡಿದು, ಹಗ್ಗ ಕಟ್ಟಿ, ನಡುವಿನ ಕಂಬಕ್ಕೆ ಮೈಕಿನ ಹಾರ್ನ್ ಏರಿಸಿ ಸಿನಿಮಾ ಹಾಡು ಹಚ್ಚಿದರೆ ಸಾಕು, ಓಣಿ ಓಣಿಗೂ ಸುದ್ದಿ ಮುಟ್ಟುತ್ತಿತ್ತು. ತಂಡದ ಒಬ್ಬ ಒಮ್ಮೆ ಸೈಕಲ್ ಹತ್ತಿದನೆಂದರೆ ಮೂರು ದಿನವೋ ಏಳು ದಿನವೋ ನೆಲಕ್ಕೆ ಕಾಲಿಡುವಂತಿಲ್ಲ. ಊಟ, ಸ್ನಾನ, ಅರೆನಿದ್ದೆ ಎಲ್ಲ ಅದರ ಮೇಲೆಯೇ. ಹೊತ್ತು ಮುಳುಗಿದ ಮೇಲೆ ಎದೆಗೆ ಟ್ಯೂಬ್‌ಲೈಟ್ ಒಡೆದುಕೊಳ್ಳುವುದು, ಹಲ್ಲಿನಿಂದ ಭಾರ ಎತ್ತುವುದು ಮುಂತಾದ ಆಟಗಳು. ನಡುನಡುವೆ ಆತ ಹ್ಯಾಂಡಲ್ ಎಳೆದು ಮುಂದಿನ ಗಾಲಿಯನ್ನು ಗಾಳಿಗೆತ್ತಿ, ಹಿಂದಿನ ಒಂದರ ಮೇಲೆಯೇ ಸುತ್ತು ಹಾಕುತ್ತಿದ್ದ. ಕೊನೆಗೆ ಆ ಮುಂದಿನ ಗಾಲಿಯನ್ನೇ ಕಳಚಿ ಬದಿಗಿಟ್ಟು, ಉಳಿದ ಒಂದೇ ಗಾಲಿಯಲ್ಲಿ ಅಂಗಳವನ್ನೆಲ್ಲ ಅಳೆಯುತ್ತಿದ್ದ. ಜನ ಬಾಯಿ ತೆರೆದು ನೋಡುತ್ತಿದ್ದರು. ಆಮೇಲೆ ತಟ್ಟೆ ಬರುತ್ತಿತ್ತು. ಇಂಥವರಿಂದ ಹತ್ತು ರೂಪಾಯಿ, ಇಂಥವರಿಂದ ಒಂದು ಸೇರು ಜೋಳ ಎಂದು ಮೈಕಿನಲ್ಲಿ ಹೆಸರು ಕೂಗುತ್ತಿದ್ದರು.

ಆ ತಟ್ಟೆಯ ಬಗ್ಗೆ ನನಗೆ ತಕರಾರಿದೆ. ಹೊಟ್ಟೆಪಾಡಿಗೆ ಕಾಸು ಎತ್ತಿದವರ ಮೇಲಲ್ಲ, ಎತ್ತುವಂತೆ ಬಿಟ್ಟ ನಮ್ಮ ಮೇಲೆ. ಒಂದು ಗಾಲಿಯ ಮೇಲೆ ಮೈಯನ್ನು ನಿಲ್ಲಿಸಿ ನಡೆಸುವ ವಿದ್ಯೆ ಜಗತ್ತಿನ ಬೇರೆ ಕಡೆ ಸ್ಪರ್ಧೆಯಾಗಿದೆ, ಶಾಲೆಯ ಪಾಠವಾಗಿದೆ. ನಮ್ಮಲ್ಲಿ ಅದು ಬೆರಗಿನಿಂದ ಹುಟ್ಟಿ ಕರುಣೆಯಲ್ಲಿ ಮುಗಿಯುವ ಪ್ರದರ್ಶನವಾಗಿಯೇ ಉಳಿಯಿತು. ಹಗ್ಗದ ಮೇಲೆ ನಡೆಯುವ ಡೊಂಬರ ಹುಡುಗಿಗೂ ಆದದ್ದು ಇದೇ. ಅವಳ ಅಂಗಾಲು ಮಾಡುತ್ತಿದ್ದ ಕೆಲಸವನ್ನು ಜಿಮ್ನಾಸ್ಟಿಕ್ಸ್ ತೊಲೆಯ ಮೇಲೆ ಇನ್ನೊಬ್ಬಳು ಮಾಡಿದರೆ ಅಂಕ ಕೊಡುತ್ತಾರೆ. ಇವಳಿಗೆ ಚಿಲ್ಲರೆ ಎಸೆದೆವು. ಇಬ್ಬರ ಮೈಯಲ್ಲಿ ವ್ಯತ್ಯಾಸವಿಲ್ಲ. ನಿಯಮ, ಅಳತೆ, ಗುರು, ಎದುರಾಳಿ ಈ ನಾಲ್ಕು ಒಬ್ಬಳಿಗೆ ಸಿಕ್ಕವು, ಇನ್ನೊಬ್ಬಳಿಗೆ ಸಿಗಲಿಲ್ಲ. ಒಂಟಿಗಾಲಿ ಸೈಕಲ್ಲಿಗೆ ಇವು ನಾಲ್ಕೂ ಆಗಲೇ ಸಿದ್ಧವಾಗಿವೆ. ಅವನ್ನು ಕೊಪ್ಪಳ ತಾಲ್ಲೂಕಿನ ಇರಕಲ್ಲಗಡದಂಥ ಊರಿನ ಶಾಲೆಯ ಅಂಗಳಕ್ಕೆ ತರುವುದಷ್ಟೇ ಬಾಕಿ.

ಅಮೆರಿಕದಲ್ಲಿ ಒಂಟಿಗಾಲಿ ಸವಾರರ ಸಂಘ ಹುಟ್ಟಿದ್ದು 1973ರಲ್ಲಿ. ಅಂತರರಾಷ್ಟ್ರೀಯ ಯೂನಿಸೈಕ್ಲಿಂಗ್ ಫೆಡರೇಶನ್ 1982ರಲ್ಲಿ ಆಯಿತು. 1984ರಲ್ಲಿ ನ್ಯೂಯಾರ್ಕ್ ರಾಜ್ಯದ ಸಯೊಸೆಟ್‌ನಲ್ಲಿ ಮೊದಲ ವಿಶ್ವಕೂಟ ನಡೆಯಿತು. ಯೂನಿಕಾನ್ ಎಂದು ಕರೆಯುವ ಈ ಕೂಟ ಎರಡು ವರ್ಷಕ್ಕೊಮ್ಮೆ ನಡೆಯುತ್ತ ಬಂದಿದೆ. 2018ರಲ್ಲಿ ದಕ್ಷಿಣ ಕೊರಿಯಾದ ಆನ್ಸಾನ್ ಅದಕ್ಕೆ ಆತಿಥ್ಯ ವಹಿಸಿತ್ತು. ಕೋವಿಡ್‌ನಿಂದ ಮುಂದೂಡಿದ ಕೂಟ 2022ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನಡೆಯಿತು. ಓಟದ ಟ್ರ್ಯಾಕಿನ ಮೇಲೆ 100, 400, 800 ಮೀಟರ್ ಸ್ಪರ್ಧೆಗಳಿವೆ, ರಿಲೇ ಇದೆ. 50 ಮೀಟರ್ ಒಂದೇ ಕಾಲಿನಲ್ಲಿ ಪೆಡಲ್ ತುಳಿಯುತ್ತ ಹೋಗುವುದಿದೆ. ಪೆಡಲ್ ಮುಟ್ಟದೆ ಪಾದದಿಂದಲೇ ಟೈರನ್ನು ತಳ್ಳಿಕೊಂಡು 30 ಮೀಟರ್ ಸಾಗುವ ಸ್ಪರ್ಧೆಯೂ ಉಂಟು. ಹಾಕಿ, ಬ್ಯಾಸ್ಕೆಟ್‌ಬಾಲ್ ಆಡುವ ತಂಡಗಳಿವೆ. ಮ್ಯಾರಥಾನ್ ದೂರವನ್ನೂ ಅದಕ್ಕಿಂತ ಹೆಚ್ಚಿನದನ್ನೂ 36 ಇಂಚಿನ ದೊಡ್ಡ ಗಾಲಿಯಲ್ಲಿ ಓಡುವವರಿದ್ದಾರೆ.

ಟ್ರ್ಯಾಕಿನ ಓಟದಲ್ಲಿ ಗಾಲಿಯ ಅಳತೆಗೆ ಮಿತಿ ಇದೆ. ದೊಡ್ಡವರಿಗೆ 24 ಇಂಚಿನ ಗಾಲಿ. ಪೆಡಲ್ ಹಿಡಿದಿರುವ ಕ್ರ್ಯಾಂಕು 125 ಮಿಲಿಮೀಟರಿಗಿಂತ ಗಿಡ್ಡ ಇರುವಂತಿಲ್ಲ. ಕ್ರ್ಯಾಂಕು ಗಿಡ್ಡವಾದಷ್ಟೂ ಕಾಲು ಸಣ್ಣ ಸುತ್ತಿನಲ್ಲಿ ಬೇಗ ತಿರುಗುತ್ತದೆ, ವೇಗ ಹೆಚ್ಚುತ್ತದೆ. ಹಾಗಾಗಿ ದುಡ್ಡಿದ್ದವನು ಗಾಡಿಯನ್ನು ಬದಲಿಸಿ ಗೆಲ್ಲಬಾರದು, ಕಾಲು ಗೆಲ್ಲಬೇಕು ಎಂದು ನಿಯಮ ಕಟ್ಟು ಹಾಕಿದೆ. ಸರ್ಕಸ್ಸಿನಿಂದ ಕ್ರೀಡೆ ಬೇರೆಯಾಗುವುದು ಇಂಥ ಕಡೆ. ಸರ್ಕಸ್ಸಿನಲ್ಲಿ ಗಾಡಿ ಎಷ್ಟು ವಿಚಿತ್ರವಾದರೆ ಅಷ್ಟು ಚಪ್ಪಾಳೆ. ಇಲ್ಲಿ ಎಲ್ಲರ ಗಾಡಿಯೂ ಒಂದೇ ಆಗಿದ್ದರೆ ಮಾತ್ರ ಗೆಲುವಿಗೆ ಬೆಲೆ.

ಸ್ವೀಡನ್ನಿನ ಪೀಟರ್ ರೋಸೆಂಡಾಲ್ 1994ರಲ್ಲಿ ನಿಂತಲ್ಲಿಂದ ಹೊರಟು 100 ಮೀಟರನ್ನು 12.11 ಸೆಕೆಂಡಿನಲ್ಲಿ ಮುಗಿಸಿದರು. ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗ. ಲೆಕ್ಕ ಹಾಕಿ ನೋಡಿ: 24 ಇಂಚಿನ ಗಾಲಿ ಒಂದು ಸುತ್ತಿಗೆ ಹೆಚ್ಚುಕಡಿಮೆ 1.9 ಮೀಟರ್ ಉರುಳುತ್ತದೆ. ಈ ಗಾಡಿಗೆ ಚೈನಿಲ್ಲ, ಗೇರಿಲ್ಲ. ಕಾಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. ಅಂಥ ಗಾಲಿಯಲ್ಲಿ ನೂರು ಮೀಟರಿಗೆ ಐವತ್ತೆರಡು ಸುತ್ತು ಬೇಕು. ಹನ್ನೆರಡು ಸೆಕೆಂಡಿನಲ್ಲಿ ಅದನ್ನು ಮುಗಿಸಬೇಕೆಂದರೆ ಸೆಕೆಂಡಿಗೆ ನಾಲ್ಕಕ್ಕಿಂತ ಹೆಚ್ಚು ಸುತ್ತು. ಅಷ್ಟು ಬಿರುಸಿನಲ್ಲಿ ಕಾಲಾಡುವಾಗ ಸೊಂಟದ ಮೇಲಿನ ಮೈ ಅಲುಗದೆ ನಿಲ್ಲಬೇಕು. ಇದನ್ನು ಓಟಗಾರನ ಸಾಧನೆಗಿಂತ ಕಡಿಮೆಯೆಂದು ಯಾವ ಬಾಯಿಂದ ಹೇಳುವುದು?

ಗಾಡಿಯ ಗುಟ್ಟನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮಾಮೂಲಿ ಸೈಕಲ್ಲಿನ ಹಿಂದಿನ ಗಾಲಿಯಲ್ಲಿ ಫ್ರೀವೀಲ್ ಇರುತ್ತದೆ. ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿದರೂ ಗಾಲಿ ಕಟಕಟ ಸದ್ದು ಮಾಡುತ್ತ ಓಡುತ್ತದೆ. ಒಂಟಿಗಾಲಿಯಲ್ಲಿ ಆ ಬಿಡುವಿಲ್ಲ. ಕ್ರ್ಯಾಂಕು ನೇರವಾಗಿ ಗಾಲಿಯ ಅಚ್ಚಿಗೆ ಕೂಡಿರುತ್ತದೆ. ಗಾಲಿ ತಿರುಗಿದರೆ ಕಾಲು ತಿರುಗಲೇಬೇಕು, ಕಾಲು ತಡೆದರೆ ಗಾಲಿ ನಿಲ್ಲಲೇಬೇಕು. ಸವಾರ ಬೀಳದೆ ಉಳಿಯುವುದೂ ಇದರಿಂದಲೇ. ಅಂಗೈ ಮೇಲೆ ಕೋಲು ನಿಲ್ಲಿಸುವ ಹುಡುಗ ಕೋಲು ವಾಲಿದ ಕಡೆಗೆ ಕೈ ಸರಿಸುತ್ತಾನಲ್ಲ, ಒಂಟಿಗಾಲಿಯ ಸವಾರ ಕಾಲಿನಿಂದ ಮಾಡುವುದೂ ಅದನ್ನೇ. ಮೈ ಮುಂದೆ ವಾಲಿದರೆ ಪೆಡಲ್ ಜೋರು ತುಳಿದು ಗಾಲಿಯನ್ನು ಮೈಯ ಅಡಿಗೆ ತರುತ್ತಾನೆ. ಹಿಂದೆ ವಾಲಿದರೆ ಪೆಡಲ್ ತಡೆಹಿಡಿದು ಗಾಲಿಯನ್ನು ಕಾಯಿಸುತ್ತಾನೆ. ಮುಂದಕ್ಕೆ ಹೋಗುವುದೆಂದರೆ ಎಡೆಬಿಡದೆ ಬೀಳುವುದು, ಎಡೆಬಿಡದೆ ಆ ಬೀಳುವಿಕೆಯನ್ನು ಹಿಡಿಯುವುದು.

ಕಲಿಯುವ ಮಗುವಿಗೆ 20 ಇಂಚಿನ ಗಾಲಿ ಸಾಕು. ಪಕ್ಕದಲ್ಲಿ ನಿಂತಾಗ ಸೀಟು ಹೊಕ್ಕಳ ಮಟ್ಟಕ್ಕೆ ಬರಬೇಕು. ಶಾಲೆಯ ಕಾಂಪೌಂಡ್ ಗೋಡೆಗೆ ಒಂದು ಕೈ, ಗೆಳೆಯನ ಹೆಗಲ ಮೇಲೆ ಇನ್ನೊಂದು ಕೈ. ಎರಡೂ ಪೆಡಲ್ ನೆಲಕ್ಕೆ ಸಮನಾಗಿ, ಒಂದು ಮುಂದೆ ಒಂದು ಹಿಂದೆ. ಎಲ್ಲ ಮಕ್ಕಳೂ ಮಾಡುವ ತಪ್ಪು ಎರಡು: ಮೈಭಾರವನ್ನು ಪೆಡಲ್ ಮೇಲೆ ಹಾಕುವುದು, ಕಣ್ಣನ್ನು ಗಾಲಿಯ ಮೇಲೆ ನೆಡುವುದು. ಭಾರ ಸೀಟಿನ ಮೇಲೆ ಕೂರಬೇಕು, ನೋಟ ಇಪ್ಪತ್ತು ಹೆಜ್ಜೆ ಮುಂದಿರಬೇಕು. ಮೊದಲು ಅರ್ಧ ಸುತ್ತು, ಆಮೇಲೆ ಒಂದು, ಆಮೇಲೆ ಎರಡು. ದಿನಕ್ಕೆ ಅರ್ಧ ತಾಸು ಬಿಡದೆ ಹಿಡಿದವರಿಗೆ ಕೆಲವು ವಾರಗಳಲ್ಲಿ ಗೋಡೆ ಬೇಡವಾಗುತ್ತದೆ. ಬೀಳುವುದರ ಬಗ್ಗೆ ತಾಯ್ತಂದೆಯರಿಗೆ ಹೆದರಿಕೆ ಇದ್ದೇ ಇರುತ್ತದೆ. ಆದರೆ ಈ ಗಾಡಿಗೆ ಮುಂದೆ ಹ್ಯಾಂಡಲ್ ಇಲ್ಲ, ನಡುವೆ ಬಾರ್ ಇಲ್ಲ. ತಪ್ಪಿದವರು ಬಹುತೇಕ ಎರಡು ಕಾಲಿನ ಮೇಲೆ ನೆಲಕ್ಕೆ ಬರುತ್ತಾರೆ, ಗಾಡಿಯೊಂದೇ ಉರುಳುತ್ತದೆ. ಅಂಗೈ ಊರಿ ಬಿದ್ದರೆ ಮಣಿಕಟ್ಟಿಗೆ ಪೆಟ್ಟಾಗಬಹುದು, ಪೆಡಲ್ ತಿರುಗಿ ಮೊಣಕಾಲ ಕೆಳಗಿನ ಎಲುಬಿಗೆ ಬಡಿಯಬಹುದು. ಹೆಲ್ಮೆಟ್, ಮಣಿಕಟ್ಟಿನ ಪಟ್ಟಿ, ಮುಂಗಾಲಿನ ಪ್ಯಾಡ್ ಇಲ್ಲದೆ ಮಕ್ಕಳನ್ನು ಹತ್ತಿಸಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಫೆಡರೇಶನ್ನು ಕಲಿಕೆಯನ್ನು ಹತ್ತು ಹಂತಗಳಾಗಿ ಒಡೆದಿದೆ. ಮೊದಲ ಹಂತದ ಪರೀಕ್ಷೆ ಇಷ್ಟೇ: ಯಾರ ಆಸರೆಯೂ ಇಲ್ಲದೆ ಹತ್ತಬೇಕು, 50 ಮೀಟರ್ ಹೋಗಬೇಕು, ಗಾಡಿಯನ್ನು ಮೈ ಮುಂದೆ ಹಿಡಿದುಕೊಂಡು ಚೆಂದವಾಗಿ ಇಳಿಯಬೇಕು. ಇಳಿಯುವುದನ್ನೂ ಪರೀಕ್ಷೆಗೆ ಹಚ್ಚಿರುವುದು ನನಗೆ ಬಹಳ ಹಿಡಿಸಿತು. ಎರಡನೆಯ ಹಂತಕ್ಕೆ ಬಂದರೆ 8ರ ಆಕಾರದಲ್ಲಿ ಸುತ್ತಬೇಕು. ಇಂಥ ಏಣಿ ಇದ್ದಾಗ ಹಿಂದುಳಿದ ಮಗುವಿಗೂ ಮುಂದಿನ ಮೆಟ್ಟಿಲು ಕಾಣುತ್ತದೆ. ನಿನ್ನೆಗಿಂತ ಇವತ್ತು ಮೂರು ಮೀಟರ್ ಹೆಚ್ಚು ಹೋದೆ ಎಂದು ನೆಲದ ಮೇಲೆ ಎಳೆದ ಸುಣ್ಣದ ಗೆರೆ ಹೇಳುತ್ತದೆ.

ಜಪಾನಿನವರು ಇದನ್ನು ಬೇಗ ಕಂಡುಕೊಂಡರು. 1989ರಲ್ಲಿ ಅವರ ಶಿಕ್ಷಣ ಸಚಿವಾಲಯ ಪ್ರಾಥಮಿಕ ಶಾಲೆಯ ಪಠ್ಯಕ್ರಮ ಪರಿಷ್ಕರಿಸಿದಾಗ ದೈಹಿಕ ಶಿಕ್ಷಣದಲ್ಲಿ ಒಂಟಿಗಾಲಿಗೆ ಜಾಗ ಕೊಟ್ಟಿತು. ಅಲ್ಲಿನ ಎಷ್ಟೋ ಶಾಲೆಗಳ ಅಂಗಳದಲ್ಲಿ ಈ ಗಾಡಿಗಳು ಸಾಲಾಗಿ ತೂಗುಹಾಕಿರುತ್ತವೆ; ಬಿಡುವಿನ ಗಂಟೆ ಹೊಡೆದರೆ ಮಕ್ಕಳು ತಾವೇ ಇಳಿಸಿಕೊಂಡು ಹತ್ತುತ್ತಾರೆ. ಅದಕ್ಕಿಂತ ಮುಖ್ಯ ಮಾತೊಂದಿದೆ: ಆ ದೇಶದಲ್ಲಿ ಈ ಆಟ ಹೆಚ್ಚಾಗಿ ಹುಡುಗಿಯರದು. ತೋಳ್ಬಲಕ್ಕಿಂತ ಸಮತೋಲ ಹೆಚ್ಚು ಬೇಡುವ ಆಟವಾದ್ದರಿಂದ ಹತ್ತು ವರ್ಷದ ಹುಡುಗಿ ಹುಡುಗನಿಗೆ ಸರಿಸಮನಾಗಿ ನಿಲ್ಲುತ್ತಾಳೆ, ಎಷ್ಟೋ ಸಲ ಮುಂದೆಯೂ ಹೋಗುತ್ತಾಳೆ. ನಮ್ಮ ಕಡೆ ಹುಡುಗಿಗೆ ಹನ್ನೆರಡು ತುಂಬುವ ಹೊತ್ತಿಗೆ ಮೈದಾನ ಅವಳದಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ತೀರ್ಮಾನವಾಗಿರುತ್ತದೆ. ಕಬಡ್ಡಿ, ಖೋಖೋ ತಂಡಕ್ಕೆ ಸೇರಿದ ಕೆಲವರು ಉಳಿಯುತ್ತಾರೆ, ಉಳಿದವರು ಗೋಡೆಗೊರಗಿ ನೋಡುತ್ತಾರೆ. ಆ ಗೋಡೆಯನ್ನೇ ಹಿಡಿದು ಕಲಿಯುವ ಆಟ ಇದು.

ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಉಳಿಸಿಕೊಂಡು ಬಂದದ್ದು ಸರ್ಕಸ್ಸು. ವಿಷ್ಣುಪಂತ ಛತ್ರೆಯವರು ಗ್ರೇಟ್ ಇಂಡಿಯನ್ ಸರ್ಕಸ್ಸನ್ನು ಮುಂಬಯಿಯಲ್ಲಿ ತೆರೆದದ್ದು 1880ರಲ್ಲಿ. ಅವರಿಗೆ ಆಸರೆಯಾಗಿದ್ದ ಕುರುಂದವಾಡ ಸಂಸ್ಥಾನ ನಮ್ಮ ಬೆಳಗಾವಿ ಗಡಿಗೆ ಅಂಟಿಕೊಂಡಂತೆಯೇ ಇತ್ತು. ಮುಂದೆ ಕೇರಳದ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ ಸರ್ಕಸ್ ಶಾಲೆ ಕಟ್ಟಿದರು. ಅಲ್ಲಿಂದ ದೇಶದ ತುಂಬ ಆಟಗಾರರು ಹರಡಿದರು, ಒಂಟಿಗಾಲಿ ಪ್ರತಿ ಡೇರೆಯ ಕಾಯಂ ಆಟವಾಯಿತು. ಆದರೆ ಆ ಕಲಿಕೆಯ ಬೆಲೆಯನ್ನು ಮಕ್ಕಳು ತೆತ್ತರು. ಐದಾರು ವಯಸ್ಸಿಗೆ ಮನೆ ಬಿಟ್ಟವರು ಶಾಲೆ ಕಾಣಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಸರ್ಕಸ್ಸುಗಳಲ್ಲಿ ಮಕ್ಕಳ ದುಡಿಮೆಯನ್ನು ನಿಲ್ಲಿಸಿದ್ದು ನ್ಯಾಯವಾಗಿಯೇ ಇತ್ತು. ಆ ತೀರ್ಪಿನ ನಂತರ ಕೇಳಬೇಕಾಗಿದ್ದ ಪ್ರಶ್ನೆಯೊಂದನ್ನು ನಾವು ಕೇಳದೆ ಬಿಟ್ಟೆವು. ಮೈ ಎಳೆಯದಾಗಿರುವಾಗಲೇ ಕಲಿಯಬೇಕಾದ ವಿದ್ಯೆಗೆ ಡೇರೆಯ ಬಾಗಿಲು ಮುಚ್ಚಿದ ಮೇಲೆ ಯಾವ ಬಾಗಿಲು ತೆರೆಯಬೇಕಿತ್ತು? ಶಾಲೆಯದೇ ತಾನೆ? ಅಲ್ಲಿ ಮಗು ದುಡಿಯುವುದಿಲ್ಲ, ಆಡುತ್ತದೆ. ಬೇಡವೆನಿಸಿದರೆ ಇಳಿದು ಹೋಗಬಹುದು.

ಹೀಗೆ ಬಾಗಿಲು ದಾಟಿ ಬಂದ ಆಟ ನಮ್ಮಲ್ಲೇ ಇದೆ. ಗರಡಿಮನೆಯ ಪೈಲ್ವಾನರು ಮೈ ಹದ ಮಾಡಿಕೊಳ್ಳಲು ಹತ್ತುತ್ತಿದ್ದ ಮಲ್ಲಕಂಬ ಬಹುಕಾಲ ಜಾತ್ರೆಯ ನೋಟವಾಗಿಯೂ ಇತ್ತು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಹುಡುಗರು ಅದನ್ನು ಕಸುಬಿನಷ್ಟೇ ಶ್ರದ್ಧೆಯಿಂದ ಹಿಡಿದರು. ಅಂಕ ಕೊಡುವ ನಿಯಮ ಬಂತು, ತೀರ್ಪುಗಾರರು ಬಂದರು. 2022ರಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಮಲ್ಲಕಂಬ ಪದಕದ ಸ್ಪರ್ಧೆಯಾಯಿತು. ಕಂಬ ಅದೇ, ಎಣ್ಣೆ ಅದೇ, ಹತ್ತುವ ಹುಡುಗರೂ ಅಂಥದೇ ಮನೆಗಳವರು. ಸೈಕಲ್ಲಿನ ಉದಾಹರಣೆಯೂ ದೂರದ್ದಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ರೈತರ ಮಕ್ಕಳು ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಪದಕ ತಂದಿದ್ದಾರೆ. ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾಶಾಲೆ ಅಂಥವರನ್ನು ಬೆಳೆಸಿದೆ. ಕಾಲಿನಲ್ಲಿ ಕಸುವಿರುವ ಮಕ್ಕಳು ಈ ನೆಲದಲ್ಲಿ ಕಡಿಮೆ ಇಲ್ಲ.

ಇರಕಲ್ಲಗಡವನ್ನು ನಾನು ಹೆಸರಿಸುವುದಕ್ಕೆ ಕಾರಣವಿದೆ. ಅದು ಕೊಪ್ಪಳ ತಾಲ್ಲೂಕಿನ ಹೋಬಳಿ ಊರು. ಸುತ್ತಲಿನ ಹಳ್ಳಿಗಳ ಮಕ್ಕಳು ಓದಿಗೆ ಬಂದು ಸೇರುವಂಥ ಜಾಗ. ಹಳೆಯ ಕೋಟೆ ಇದೆ, ಸುತ್ತ ಕಲ್ಲುಗುಡ್ಡಗಳಿವೆ. ಕೊಪ್ಪಳ ಜಿಲ್ಲೆಯ ಈ ಗ್ರಾನೈಟ್ ಬಂಡೆಗಳನ್ನು ಕೊಯ್ದು ಮಾರುವುದಷ್ಟೇ ಲಾಭವೆಂದು ನಾವು ನಂಬಿದ್ದೇವೆ. ಆದರೆ ಅವಕ್ಕೆ ಇನ್ನೊಂದು ಉಪಯೋಗವೂ ಇದೆ. ಅಲಾಸ್ಕಾದ ಜಾರ್ಜ್ ಪೆಕ್, ಕೆನಡಾದ ಕ್ರಿಸ್ ಹೋಮ್ ಮೊದಲಾದವರು 1980, 90ರ ದಶಕಗಳಲ್ಲಿ ಒಂಟಿಗಾಲಿಯನ್ನು ಬೆಟ್ಟದ ಕಾಲುದಾರಿಗೆ ಒಯ್ದರು. ಈಗ ಅದೊಂದು ಪ್ರತ್ಯೇಕ ವಿಭಾಗ. ದಪ್ಪ ಟೈರಿನ ಗಾಡಿಯ ಮೇಲೆ ಕುಪ್ಪಳಿಸುತ್ತ ಬಂಡೆಯಿಂದ ಬಂಡೆಗೆ ಹಾರುವ ಸ್ಪರ್ಧೆಗಳು ನಡೆಯುತ್ತವೆ. ಯುರೋಪಿನವರು ಅದಕ್ಕಾಗಿ ಮರದ ಹಲಗೆ, ಪೆಟ್ಟಿಗೆ ಜೋಡಿಸಿ ಕೃತಕ ಅಡೆತಡೆ ಕಟ್ಟುತ್ತಾರೆ. ನಮ್ಮ ಗುಡ್ಡದ ಬುಡದಲ್ಲಿ ಅದೆಲ್ಲ ಕಟ್ಟಿಟ್ಟಂತೆಯೇ ಇದೆ. ಮಕ್ಕಳನ್ನು ಮೊದಲ ದಿನವೇ ಬಂಡೆ ಹತ್ತಿಸಬೇಕೆಂದು ನಾನು ಹೇಳುತ್ತಿಲ್ಲ. ಅಂಗಳದಲ್ಲಿ ನಾಲ್ಕು ವರ್ಷ ಪಳಗಿದವರಿಗೆ ಮುಂದಿನ ಮೈದಾನ ಊರ ಪಕ್ಕದಲ್ಲೇ ಇದೆ ಎನ್ನುತ್ತಿದ್ದೇನೆ.

ಇದಕ್ಕೆ ಎದುರಾಡುವವರ ಮಾತನ್ನೂ ಕೇಳಬೇಕು. ಮೊದಲನೆಯದು: ಶೌಚಾಲಯಕ್ಕೆ ನೀರಿಲ್ಲದ ಶಾಲೆಗಳಿರುವಾಗ, ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇರುವಾಗ ಇದೆಂಥ ಶೋಕಿ? ಈ ಮಾತಿನಲ್ಲಿ ಹುರುಳಿದೆ. ನೀರು ಮೊದಲು, ಶಿಕ್ಷಕರು ಮೊದಲು. ಆದರೆ ನಾನು ಕೇಳುತ್ತಿರುವುದು ಸ್ಟೇಡಿಯಂ ಅಲ್ಲ, ಹುಲ್ಲಿನ ಅಂಕಣವಲ್ಲ. ಗಟ್ಟಿ ನೆಲ, ಒಂದು ಗೋಡೆ, ಏಳೆಂಟು ಗಾಡಿ. ಒಂದು ಗಾಡಿಯಲ್ಲಿ ಸರದಿಯ ಮೇಲೆ ಐದು ಮಕ್ಕಳು ಕಲಿಯಬಹುದು, ಯಾಕೆಂದರೆ ಒಬ್ಬರು ಹತ್ತಿದಾಗ ಇಬ್ಬರು ಹಿಡಿಯಬೇಕಾಗುತ್ತದೆ. ಸಂವಿಧಾನದ 371(ಜೆ) ಕಲಂ ಬಂದಮೇಲೆ ಕೊಪ್ಪಳವೂ ಸೇರಿದ ಕಲ್ಯಾಣ ಕರ್ನಾಟಕಕ್ಕೆಂದು ಪ್ರತ್ಯೇಕ ಮಂಡಳಿ, ಪ್ರತ್ಯೇಕ ಅನುದಾನ ಇದೆ. ಕಟ್ಟಡದ ಮೇಲೆ ಕಟ್ಟಡ ಏಳುವ ಲೆಕ್ಕದಲ್ಲಿ ಇದು ಕಾಣದಷ್ಟು ಸಣ್ಣ ಖರ್ಚು.

ಗಾಡಿ ಎಲ್ಲಿಂದ ತರುವುದು ಎಂಬುದೂ ದೊಡ್ಡ ತೊಡಕಲ್ಲ. 2006-07ರಿಂದ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಟ್ಟಿತು. ಕೋವಿಡ್ ಬಂದಮೇಲೆ ಆ ಯೋಜನೆ ನಿಂತಿತು. ಹಳ್ಳಿಯ ಹುಡುಗಿಯರ ಪಾಲಿಗೆ ಅದು ಹೈಸ್ಕೂಲಿನ ದಾರಿಯೇ ಆಗಿತ್ತು. ಮತ್ತೆ ಶುರುವಾಗಬೇಕೆಂಬ ಒತ್ತಾಯ ನನ್ನದೂ ಹೌದು. ಆಗ ಕೊಟ್ಟ ಸೈಕಲ್ಲುಗಳು ಈಗ ಎಷ್ಟೋ ಮನೆಗಳ ಹಿತ್ತಲಲ್ಲಿ ತುಕ್ಕು ಹಿಡಿದು ಒರಗಿವೆ. ಅವುಗಳ ಹಿಂದಿನ ಅರ್ಧವನ್ನು ಕೊಯ್ದು, ಪೆಡಲ್ ಭಾಗ ಗಾಲಿಯ ನೆತ್ತಿಗೆ ಬರುವಂತೆ ಬೆಸೆದು, ಚೈನಿನಿಂದ ನಡೆಯುವ ಎತ್ತರದ ಒಂಟಿಗಾಲಿ ಮಾಡಬಹುದು. ಫ್ರೀವೀಲನ್ನು ವೆಲ್ಡಿಂಗ್ ಹಾಕಿ ಬಿಗಿಮಾಡಬೇಕು ಅಷ್ಟೆ. ಸೈಕಲ್ ಸರ್ಕಸ್ಸಿನವರ ಗಾಡಿಗಳೂ ಹೀಗೆ ಹಳೆಯ ಸೈಕಲ್ಲಿನ ಹೊಟ್ಟೆಯಿಂದ ಹುಟ್ಟಿದವು. ಚೈನಿಲ್ಲದ ಗಿಡ್ಡ ಗಾಡಿಗೆ ಮಾತ್ರ ಗಾಲಿಯ ಜೊತೆ ತಿರುಗುವ ಅಚ್ಚು ಬೇಕು. ಮಾಮೂಲಿ ಸೈಕಲ್ಲಿನಲ್ಲಿ ಅಚ್ಚು ನಿಂತಿರುತ್ತದೆ, ಹಬ್ಬು ತಿರುಗುತ್ತದೆ. ಲೇಥ್ ಇರುವ ಐಟಿಐ ಕಾಲೇಜಿನ ಹುಡುಗರಿಗೆ ಅಂಥದೊಂದು ಅಚ್ಚು ಕಡೆಯುವುದು ಒಳ್ಳೆಯ ಪ್ರಾಯೋಗಿಕ ಪಾಠವಾದೀತು. ಆದರೂ ಕಲಿಯುವ ಮಕ್ಕಳಿಗೆ ಗಿಡ್ಡ ಗಾಡಿಯೇ ಕ್ಷೇಮ. ಎತ್ತರದ್ದನ್ನು ಪಳಗಿದವರಿಗೆ ಬಿಡಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯದು. ಇದು ಒಲಿಂಪಿಕ್ಸ್‌ನಲ್ಲಿ ಇಲ್ಲ, ಇದನ್ನು ನೆಚ್ಚಿ ಕ್ರೀಡಾ ಕೋಟಾದಲ್ಲಿ ನೌಕರಿ ಸಿಗುವುದಿಲ್ಲ, ಹಾಗಿದ್ದಮೇಲೆ ಬಡವರ ಮಕ್ಕಳ ಹೊತ್ತನ್ನು ಯಾಕೆ ಹಾಳು ಮಾಡುವುದು? ಸೈಕ್ಲಿಂಗ್ ಹಿಡಿದವರಿಗೆ ರೈಲ್ವೆಯ ನೌಕರಿ ಸಿಕ್ಕಿದೆ, ಒಂಟಿಗಾಲಿ ಹಿಡಿದವರಿಗೆ ಏನು ಸಿಕ್ಕೀತು? ಈ ಪ್ರಶ್ನೆಗೆ ನಾನು ಸಿಹಿ ಉತ್ತರ ಕೊಡಲಾರೆ. ಸದ್ಯಕ್ಕೆ ನೌಕರಿ ಸಿಗುವುದಿಲ್ಲ. ಆದರೆ ಆಟವೆಲ್ಲ ನೌಕರಿಯ ಅರ್ಜಿಯಾಗಬೇಕೆಂದು ಬಡವರ ಮಕ್ಕಳಿಗೆ ಮಾತ್ರ ಯಾಕೆ ಹೇಳುತ್ತೇವೆ? ಬೆಂಗಳೂರಿನ ಖಾಸಗಿ ಶಾಲೆಯಲ್ಲಿ ಸ್ಕೇಟಿಂಗ್ ಕಲಿಯುವ ಮಗುವಿನ ತಂದೆಗೆ ಮುಂದೆ ಇದರಿಂದ ಏನು ಸಿಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಮಗುವಿಗೆ ಮೈಮೇಲೆ ಹಿಡಿತ ಬರಲಿ, ಸೋತು ಮತ್ತೆ ಎದ್ದು ನಿಲ್ಲುವುದು ರೂಢಿಯಾಗಲಿ ಎಂಬಷ್ಟೇ ಆಸೆ ಅಲ್ಲಿ ಸಾಕಾಗುತ್ತದೆ. ಇರಕಲ್ಲಗಡದ ಮಗುವಿಗೂ ಅಷ್ಟೇ ಆಸೆಯ ಹಕ್ಕಿದೆ. ಇನ್ನು ಮಾನ್ಯತೆಯ ಮಾತು: ಆಡುವವರಿಲ್ಲದ ಆಟಕ್ಕೆ ಮಾನ್ಯತೆ ಬರುವುದಿಲ್ಲ. ಮಲ್ಲಕಂಬಕ್ಕೆ ಪದಕ ಬಂದದ್ದು ಕಂಬ ಹತ್ತುವ ಮಕ್ಕಳು ತಲೆಮಾರುಗಳಿಂದ ಇದ್ದದ್ದಕ್ಕೆ.

ಕಲಿಸುವವರು ಯಾರು ಎಂಬುದು ಉಳಿದ ಪ್ರಶ್ನೆ. ನಮ್ಮ ಅಧಿಕಾರಿಗಳು ಇದಕ್ಕೆ ದೈಹಿಕ ಶಿಕ್ಷಣದ ಬಿಪಿಎಡ್ ಪ್ರಮಾಣಪತ್ರ ಕೇಳುತ್ತಾರೆ. ಒಂಟಿಗಾಲಿ ಬಲ್ಲ ಬಿಪಿಎಡ್ ಶಿಕ್ಷಕರನ್ನು ಹುಡುಕಲು ಹೊರಟರೆ ಯೋಜನೆ ಕಡತದಲ್ಲೇ ಮುದಿಯಾಗುತ್ತದೆ. ಬಲ್ಲವರು ಬೇರೆ ಕಡೆ ಇದ್ದಾರೆ. ಊರೂರು ಸುತ್ತಿ ಸೈಕಲ್ ಸರ್ಕಸ್ ಆಡಿದವರು ಟಿವಿ ಬಂದಮೇಲೆ, ಮೊಬೈಲ್ ಬಂದಮೇಲೆ ನೋಡುಗರನ್ನು ಕಳೆದುಕೊಂಡರು. ಗೌಂಡಿ ಕೆಲಸ, ಗ್ಯಾರೇಜು, ಹಮಾಲಿ ಹೀಗೆ ಸಿಕ್ಕಿದ ಕಡೆ ಸೇರಿಕೊಂಡರು. ಅವರಿಗೆ ಗೊತ್ತಿರುವುದು ಯಾವ ಪಠ್ಯದಲ್ಲೂ ಇಲ್ಲ: ಹೆದರಿದ ಮಗುವಿನ ಬೆನ್ನಿಗೆ ಕೈಯನ್ನು ಎಲ್ಲಿ ಇಡಬೇಕು, ಯಾವ ಗಳಿಗೆಯಲ್ಲಿ ಆ ಕೈಯನ್ನು ತೆಗೆಯಬೇಕು. ದೈಹಿಕ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಅಂಥವರನ್ನು ಗೌರವಧನದ ಮೇಲೆ ವಾರಕ್ಕೆ ಮೂರು ಸಂಜೆ ಕರೆಸಲು ಶಾಲಾಭಿವೃದ್ಧಿ ಸಮಿತಿಯ ಒಂದು ಠರಾವು ಸಾಕು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ತರಬೇತುದಾರ ಎಂದೇ ಬರೆಯಬೇಕು, ತಿಂಗಳ ಕೊನೆಗೆ ಹಣ ಅವರ ಬ್ಯಾಂಕ್ ಖಾತೆಗೆ ಜಮಾ ಆಗಬೇಕು.